ಮೂರನೆಯ ವರ್ಷದಲ್ಲಿ ಏನು ಓದಿಸುತ್ತೀರಿ?

ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆಯೆಂದರೆ ಸೀಟಿನ ಲೆಕ್ಕಾಚಾರದ ಕಾಲ. ಎಂಜಿನಿಯರಿಂಗ್, ಮೆಡಿಕಲ್ ಎಂಬ ಹಳೆಯ ಚರ್ಚೆಯ ನಡುವೆ ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆಯೂ ತಲೆಯೆತ್ತಿದೆ. ಜರ್ಮನ್ ಬಿ.ಎ. ಮಾಡಿದರೆ ಹೇಗೆ? ಜಪಾನಿ? ಕೊರಿಯನ್? ಅದಕ್ಕೆ ಒಳ್ಳೆಯ ವಿಶ್ವವಿದ್ಯಾಲಯ ಯಾವುದು? 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಅದನ್ನು ಕನ್ನಡದಲ್ಲೂ ಬರೆಯಬಹುದು. ಅರಸೀಕೆರೆಯ ಅಥವಾ ಸಿಂಧನೂರಿನ ವಿದ್ಯಾರ್ಥಿಯೊಬ್ಬರು ಒಂದೇ ಪರೀಕ್ಷೆಯ ಅಂಕ ಹಿಡಿದು ದೆಹಲಿ, ವಾರಾಣಸಿ, ಶಾಂತಿನಿಕೇತನಗಳ ವಿದೇಶಿ ಭಾಷಾ ವಿಭಾಗಗಳಿಗೆ ಅರ್ಜಿ ಹಾಕಬಹುದು. ಮಕ್ಕಳು ಮೊಬೈಲಿನಲ್ಲಿ ಆ ವಿಶ್ವವಿದ್ಯಾಲಯಗಳ ಹೆಸರುಗಳನ್ನು ಒಂದರ ಕೆಳಗೊಂದು ಜೋಡಿಸುವುದನ್ನು ಕಂಡಾಗ, ಇದೇ ಆಯ್ಕೆಯ ಮುಂದೆ ನಮ್ಮ ತಲೆಮಾರು ನಿಂತಿದ್ದ 1980ರ ದಶಕ ನೆನಪಿಗೆ ಬರುತ್ತದೆ. ಆಗ ಮಾಹಿತಿಯ ಬರವಿತ್ತು. ಈಗ ಅದು ಹೊಳೆಯಾಗಿ ಹರಿಯುತ್ತಿದೆ. ಆದರೂ ಆಯ್ಕೆಯ ಹೊತ್ತಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಆಗಲೂ ಯಾರೂ ಕೇಳುತ್ತಿರಲಿಲ್ಲ, ಈಗಲೂ ಕೇಳುತ್ತಿಲ್ಲ. ಆ ಪ್ರಶ್ನೆ ಯಾವುದು, ಅದು ಏಕೆ ಮುಖ್ಯ ಎಂದು ಹೇಳುವುದಕ್ಕಾಗಿಯೇ ಈ ನೆನಪುಗಳನ್ನು ಕೆದಕುತ್ತಿದ್ದೇನೆ.

ಆ ಕಾಲದ ಸಣ್ಣ ಊರಿನ ಕಾಲೇಜುಗಳಲ್ಲಿ ವಿದೇಶಿ ಭಾಷೆಯ ಕನಸು ಹುಟ್ಟುತ್ತಿದ್ದದ್ದು ಎಲ್ಲೆಲ್ಲಿಂದಲೋ. ಮಾಸ್ಕೋದಲ್ಲಿ ಅಚ್ಚಾದ ರಾದುಗ, ಪ್ರಗತಿ ಪ್ರಕಾಶನಗಳ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತಿದ್ದವು. ದಪ್ಪ ರಟ್ಟು, ಬಣ್ಣದ ಚಿತ್ರ, ಒಳಗೆ ಹಿಮ ಸುರಿಯುವ ಊರುಗಳು. ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಯನ್ನು ಶಾಲೆಯ ಪುಸ್ತಕಕ್ಕೆ ಬೈಂಡು ಹಾಕದ ಮನೆಯೇ ಇರಲಿಲ್ಲವೆನ್ನಬಹುದು. ಬೆಂಗಳೂರಿನಲ್ಲಾದರೆ ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್ ಇದ್ದವು. ಅಲ್ಲಿನ ಸಿನಿಮಾ ಪ್ರದರ್ಶನಗಳ ಸುದ್ದಿ ಊರುಗಳಿಗೂ ತಲುಪುತ್ತಿತ್ತು. ಕನಸು ಹುಟ್ಟಿದ ಮೇಲಿನ ದಾರಿ ಮಾತ್ರ ದುರ್ಗಮ. ಎಲ್ಲೋ ಓದಿದ್ದ ಒಬ್ಬ ಉಪನ್ಯಾಸಕರು ಜೆಎನ್‌ಯು ಎಂಬ ಹೆಸರು ಹೇಳಬೇಕು. ಪ್ರಾಸ್ಪೆಕ್ಟಸ್‌ಗಾಗಿ ಡಿ.ಡಿ. ತೆಗೆಸಿ ಅಂಚೆಗೆ ಹಾಕಬೇಕು. ಬಂದರೆ ಬಂತು, ತಡವಾದರೆ ಆ ವರ್ಷ ಕೈಬಿಟ್ಟಂತೆಯೇ. ಸೀಟು ಸಿಕ್ಕರೆ ಟ್ರಂಕು, ಹೋಲ್ಡಾಲು, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ. ಆ ಉಪನ್ಯಾಸಕರು, ವಿಶ್ವವಿದ್ಯಾಲಯಗಳ ಕೈಪಿಡಿಯನ್ನು ಬೀರುವಿನಿಂದ ತೆಗೆದುಕೊಡುತ್ತಿದ್ದ ಗ್ರಂಥಪಾಲಕರು, ಇಂಗ್ಲಿಷ್ ಅರ್ಜಿ ತುಂಬಿಕೊಡುತ್ತಿದ್ದ ಬ್ಯಾಂಕಿನ ಗುಮಾಸ್ತರು, ಇವರ ಋಣ ದೊಡ್ಡದು. ತಾವು ನೋಡದ ಊರಿಗೆ, ತಾವು ಓದದ ಭಾಷೆಗೆ ಅವರು ಬೇರೆಯವರ ಮಕ್ಕಳನ್ನು ನಂಬಿಕೆಯಿಂದ ಕಳಿಸಿದರು.

ಆದರೆ ಪ್ರೀತಿಯಿಂದ ನೆನೆದ ಮಾತ್ರಕ್ಕೆ ಆ ಆಯ್ಕೆಯ ಕ್ರಮ ಸರಿಯಾಗಿತ್ತು ಎನ್ನಲಾಗದು. ಆಗ ತೂಗುತ್ತಿದ್ದದ್ದು ಎರಡೇ ಸಂಗತಿ: ವಿಶ್ವವಿದ್ಯಾಲಯದ ಹೆಸರು ಮತ್ತು ಆ ಭಾಷೆಯ ದೇಶಕ್ಕಿರುವ ಬಲ. ರಷ್ಯನ್ ಭಾಷೆಯ ಕಥೆ ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ. 1965ರಲ್ಲಿ ದೆಹಲಿಯಲ್ಲಿ ರಷ್ಯನ್ ಅಧ್ಯಯನ ಸಂಸ್ಥೆ ಆರಂಭವಾಯಿತು. 1969ರಲ್ಲಿ ಜೆಎನ್‌ಯು ಸ್ಥಾಪನೆಯಾದಾಗ ಆ ಸಂಸ್ಥೆ ಅದರ ಭಾಗವಾಯಿತು. ಭಿಲಾಯಿಯ ಉಕ್ಕು, ಮಿಗ್ ವಿಮಾನ, ವ್ಯಾಪಾರ, ಅನುವಾದ ಎಲ್ಲದಕ್ಕೂ ರಷ್ಯನ್ ಬಲ್ಲವರು ಬೇಕಿದ್ದರು. ಮಾಸ್ಕೋದಲ್ಲಿ ಕನ್ನಡ ಅನುವಾದಕರಿಗೂ ಕೆಲಸವಿತ್ತು. 1980ರ ದಶಕದ ಕೊನೆಯ ವರ್ಷಗಳಲ್ಲಿ ರಷ್ಯನ್ ಆರಿಸಿಕೊಂಡವರಿಗೆ ಅದು ಗಟ್ಟಿ ನೆಲದಂತೆ ಕಂಡಿದ್ದರಲ್ಲಿ ತಪ್ಪೇನಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪುಸ್ತಕಗಳು ಬರುವುದು ನಿಂತಿತು, ಪತ್ರಿಕೆಗಳು ನಿಂತವು, ಅನುವಾದಕರ ಹುದ್ದೆಗಳು ಕರಗಿದವು. ಪ್ರವೇಶ ಪಡೆದಾಗ ಇದ್ದ ದೇಶ, ಪದವಿ ಮುಗಿಸಿ ಹೊರಬರುವಾಗ ಇರಲಿಲ್ಲ. ಅಂಥ ಹೊತ್ತಿನಲ್ಲಿ ಎರಡು ಬಗೆಯ ವಿದ್ಯಾರ್ಥಿಗಳು ಎದ್ದು ಕಂಡರು. ಭಾಷೆಯನ್ನು ಕೆಲಸಕ್ಕೆ ಬೇಕಾದಷ್ಟೇ ಕಲಿತವರಿಗೆ ಆ ಕೆಲಸದೊಂದಿಗೆ ಭಾಷೆಯೂ ಹೋಯಿತು. ಆ ಭಾಷೆಯ ಕಾದಂಬರಿ, ಚರಿತ್ರೆ, ವಿಮರ್ಶೆಗಳನ್ನು ಮೂಲದಲ್ಲೇ ಓದಿ ಅರಗಿಸಿಕೊಂಡವರ ವಿದ್ಯೆ ಹಾಗೆಯೇ ಉಳಿಯಿತು. ಅವರು ಅಧ್ಯಾಪಕರಾದರು, ಪತ್ರಕರ್ತರಾದರು, ಸಂಪಾದಕರಾದರು, ಇನ್ನೊಂದು ಭಾಷೆಯನ್ನೂ ಬೇಗನೆ ಕಲಿತರು.

ಇದು ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. 2020ರ ಜೂನ್‌ನಲ್ಲಿ ಚೀನಾದೊಂದಿಗೆ ಗಲ್ವಾನ್ ಸಂಘರ್ಷ ನಡೆಯಿತು. ಮರುತಿಂಗಳು ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಿಗೆ ಉದಾಹರಣೆಯಾಗಿ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಹೆಸರುಗಳಿದ್ದವು. ಕರಡಿನಲ್ಲಿದ್ದ ಚೀನಿ ಭಾಷೆ ಅಲ್ಲಿರಲಿಲ್ಲ. ಅದಕ್ಕೂ ಮೊದಲು, 2014ರಲ್ಲಿ, ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೆಯ ಭಾಷೆಯಾಗಿದ್ದ ಜರ್ಮನ್ ಅನ್ನು ವರ್ಷದ ನಡುವೆಯೇ ಕೈಬಿಡಲಾಯಿತು. ಭಾಷೆಯೊಂದರ ಬೆಲೆ ರಾಜತಂತ್ರದ ಜೊತೆ ಏರುತ್ತದೆ, ಇಳಿಯುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಆಯ್ಕೆ ಇಪ್ಪತ್ತೆರಡಕ್ಕೆ ಫಲ ಕೊಡಬೇಕಾದರೆ ಈ ಏರಿಳಿತವನ್ನು ತಾಳಿಕೊಳ್ಳುವಂಥ ಕಲಿಕೆ ಬೇಕು. ಆದ್ದರಿಂದ ಯಾವ ಭಾಷೆಗೆ ಮಾರುಕಟ್ಟೆಯಿದೆ, ಯಾವ ವಿಶ್ವವಿದ್ಯಾಲಯಕ್ಕೆ ಎಷ್ಟನೆಯ ರ್‍ಯಾಂಕಿದೆ ಎಂಬ ಪ್ರಶ್ನೆಗಳು ಎರಡನೆಯ ಸಾಲಿನವು. ಮೊದಲ ಸಾಲಿನಲ್ಲಿ ಇರಬೇಕಾದವು ಎರಡು. ಈ ವಿಭಾಗ ಭಾಷೆಗೆ ಎಷ್ಟು ಗಂಟೆ ಕೊಡುತ್ತದೆ? ಮೂರನೆಯ ವರ್ಷದಲ್ಲಿ ಆ ಭಾಷೆಯಲ್ಲಿ ಏನನ್ನು ಓದಿಸುತ್ತದೆ? ಮೊದಲನೆಯದು ಬುನಾದಿಯ ಪ್ರಶ್ನೆ. ಎರಡನೆಯದೇ ಆಯ್ಕೆಯನ್ನು ನಿರ್ಧರಿಸಬೇಕಾದ ಪ್ರಶ್ನೆ.

ಗಂಟೆಗಳ ಲೆಕ್ಕವನ್ನು ಮೊದಲು ನೋಡೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಸಿಬ್ಬಂದಿಗೆ ಭಾಷೆ ಕಲಿಸುವ ಸಂಸ್ಥೆಯೊಂದನ್ನು ದಶಕಗಳಿಂದ ನಡೆಸುತ್ತಿದೆ. ಅದರ ಅನುಭವದ ಪ್ರಕಾರ ಇಂಗ್ಲಿಷ್ ಮಾತನಾಡುವವರಿಗೆ ಕಚೇರಿಯ ಕೆಲಸಕ್ಕೆ ಸಾಲುವಷ್ಟು ಫ್ರೆಂಚ್ ಅಥವಾ ಸ್ಪ್ಯಾನಿಷ್ ಬರಲು ತರಗತಿಯಲ್ಲೇ ಸುಮಾರು 600ರಿಂದ 750 ಗಂಟೆ ಬೇಕು. ರಷ್ಯನ್‌ಗೆ ಸುಮಾರು 1,100. ಚೀನಿ, ಜಪಾನಿ, ಕೊರಿಯನ್, ಅರೇಬಿಕ್ ಭಾಷೆಗಳಿಗೆ 2,200. ನಮ್ಮ ಮಕ್ಕಳು ಈಗಾಗಲೇ ಎರಡು ಮೂರು ಭಾಷೆ ಬಲ್ಲವರು, ಈ ಅಂಕಿಗಳು ಅವರಿಗೆ ಅಕ್ಷರಶಃ ಒಪ್ಪದೇ ಇರಬಹುದು. ಕನ್ನಡದ ವಾಕ್ಯರಚನೆ ಗೊತ್ತಿರುವವರಿಗೆ, ಕ್ರಿಯಾಪದ ಕೊನೆಗೆ ಬರುವ ಜಪಾನಿ ವಾಕ್ಯ ಅಷ್ಟು ಅಪರಿಚಿತವೂ ಅಲ್ಲ. ಆದರೂ ಅಂದಾಜಿಗೆ ಈ ಅಂಕಿಗಳು ಸಾಕು. ಈಗ ನಮ್ಮಲ್ಲಿನ ಸಾಮಾನ್ಯ ಪದವಿ ಕಾಲೇಜಿನಲ್ಲಿ ಭಾಷಾ ವಿಷಯಕ್ಕೆ ವಾರಕ್ಕೆ ನಾಲ್ಕು ಗಂಟೆ, ವರ್ಷಕ್ಕೆ ಮೂವತ್ತು ವಾರ ಎಂದಿಟ್ಟುಕೊಂಡರೆ 120 ಗಂಟೆಯಾಯಿತು. ಮೂರು ವರ್ಷಕ್ಕೆ 360. ಪಿಯುಸಿಯಲ್ಲಿ ಅಂಕ ಗಳಿಸಲು ಅನುಕೂಲವೆಂದು ಫ್ರೆಂಚ್ ಆರಿಸಿ, ಅದನ್ನೇ ಪದವಿಯಲ್ಲೂ ಮುಂದುವರಿಸಿದವರು ಒಂದು ಪತ್ರಿಕೆಯ ಪುಟ ಓದಲು ಏಕೆ ಪರದಾಡುತ್ತಾರೆಂಬುದು ಈ ಲೆಕ್ಕದಲ್ಲೇ ಇದೆ. ಅವರ ಬುದ್ಧಿಯಲ್ಲಿ ಕೊರತೆಯಿಲ್ಲ, ಗಂಟೆಗಳಲ್ಲಿ ಕೊರತೆಯಿದೆ. ಭಾಷೆಯೇ ಮುಖ್ಯ ವಿಷಯವಾಗಿರುವ ಆನರ್ಸ್ ಪದವಿಯಲ್ಲಿ ವಾರಕ್ಕೆ ಹದಿನೆಂಟು ಗಂಟೆ ಸಿಕ್ಕರೆ ಮೂರು ವರ್ಷಕ್ಕೆ 1,600 ಗಂಟೆ ದಾಟುತ್ತದೆ. ಯುರೋಪಿನ ಭಾಷೆಗಳಿಗೆ ಇದು ಧಾರಾಳ. ಪೂರ್ವ ಏಷ್ಯಾದ ಭಾಷೆಗಳಿಗೆ ಇದೂ ಕಡಿಮೆಯೇ. ಹಾಗಾಗಿ ಅಲ್ಲಿ ಎಂ.ಎ.ವರೆಗೆ ಹೋಗುವ ಮನಸ್ಸು ಮಾಡಿಯೇ ಹೊರಡಬೇಕು.

ಇನ್ನು ಎರಡನೆಯ ಪ್ರಶ್ನೆ. ಜೆಎನ್‌ಯುನಂಥ ಕಡೆ ವಿದೇಶಿ ಭಾಷೆಯ ಬಿ.ಎ. ಆನರ್ಸ್ ಅಕ್ಷರಮಾಲೆಯಿಂದಲೇ ಆರಂಭವಾಗುತ್ತದೆ. ಮೊದಲೇ ಆ ಭಾಷೆ ಬರಬೇಕೆಂಬ ನಿಯಮವಿಲ್ಲ. ಹಾಗಾಗಿ ಮೊದಲ ಎರಡು ವರ್ಷ ಎಲ್ಲ ವಿಭಾಗಗಳೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ: ಉಚ್ಚಾರ, ವ್ಯಾಕರಣ, ಸಂಭಾಷಣೆ, ಸರಳ ಗದ್ಯ. ವಿಭಾಗ ವಿಭಾಗಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ಮೂರನೆಯ ವರ್ಷದಲ್ಲಿ. ಒಂದು ವಿಭಾಗ ಆಗಲೂ ವ್ಯಾಕರಣದ ಅಭ್ಯಾಸವನ್ನೇ ಇನ್ನಷ್ಟು ಕಠಿಣ ಮಾಡಿ ಮುಂದುವರಿಸುತ್ತದೆ. ಇನ್ನೊಂದು ವಿಭಾಗ ಇಡೀ ಕಾದಂಬರಿ, ನಾಟಕ, ಆ ದೇಶದ ಚರಿತ್ರೆಯ ಮೂಲ ಬರಹಗಳನ್ನು ಕೈಗಿಡುತ್ತದೆ. ಅವುಗಳ ಬಗ್ಗೆ ಅದೇ ಭಾಷೆಯಲ್ಲಿ ಪ್ರಬಂಧ ಬರೆಸುತ್ತದೆ, ಅನುವಾದವನ್ನು ಒಂದು ಶಿಸ್ತಾಗಿ ಕಲಿಸುತ್ತದೆ. ಮೊದಲನೆಯದು ಬಾವಿ ತೋಡಿ, ನೀರು ಕಂಡೊಡನೆ ಹಗ್ಗ ಸುತ್ತಿಟ್ಟು ಹೊರಟಂತೆ. ಎಷ್ಟು ಕಷ್ಟಪಟ್ಟು ತೋಡಿದೆವೋ ಅದರ ಫಲ ಸಿಗುವುದು ನೀರು ಸೇದುವಾಗ. ಈ ದೃಷ್ಟಿಯಿಂದ ನೋಡಿದರೆ ದೇಶದಲ್ಲಿ ಆಯ್ಕೆಗೆ ಬರವಿಲ್ಲ. ಹೈದರಾಬಾದಿನಲ್ಲಿ 1958ರಲ್ಲಿ ಇಂಗ್ಲಿಷ್ ಸಂಸ್ಥೆಯಾಗಿ ಆರಂಭವಾಗಿ, ಮುಂದೆ ವಿದೇಶಿ ಭಾಷೆಗಳನ್ನೂ ಸೇರಿಸಿಕೊಂಡು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಇಫ್ಲು ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಮತ್ತು ರೊಮಾನ್ಸ್ ಭಾಷೆಗಳ ಹಳೆಯ ವಿಭಾಗವಿದೆ. ಶಾಂತಿನಿಕೇತನದಲ್ಲಿ 1937ರಲ್ಲಿ ಟಾಗೋರರ ಕಾಲದಲ್ಲೇ ತಾನ್ ಯುನ್-ಶಾನ್ ಅವರ ನೇತೃತ್ವದಲ್ಲಿ ತೆರೆದ ಚೀನಾ ಭವನವಿದೆ. ಪುಣೆಯಲ್ಲಿ ರಾನಡೆ ಇನ್‌ಸ್ಟಿಟ್ಯೂಟಿನ ಕಟ್ಟಡದಲ್ಲಿ ವಿದೇಶಿ ಭಾಷೆಗಳ ವಿಭಾಗವಿದೆ. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಇದೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳ ನಡುವೆಯೂ ಅಜಗಜಾಂತರವಿರುತ್ತದೆ. ಆರಿಸಬೇಕಾದ್ದು ವಿಭಾಗವನ್ನು, ವಿಶ್ವವಿದ್ಯಾಲಯದ ಹೆಸರನ್ನಲ್ಲ.

ಕನ್ನಡದ ವಿದ್ಯಾರ್ಥಿಗೆ ಈ ಮೂರನೆಯ ವರ್ಷ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ನಮ್ಮದೇ ಚರಿತ್ರೆ ಸಾಕ್ಷಿ. ವಿಜಯನಗರದ ವೈಭವವೆಂದೊಡನೆ ಶಾಲೆಯ ಮಕ್ಕಳೂ ಹೇಳುವ ಹೆಸರುಗಳು ಪಾಯಸ್ ಮತ್ತು ನ್ಯೂನಿಜ್. ಅವರು ಬರೆದದ್ದು ಪೋರ್ಚುಗೀಸಿನಲ್ಲಿ. ಪ್ಯಾರಿಸಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ ವಿಜಯನಗರದ ಪುಸ್ತಕದಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ನಮ್ಮ ಪಠ್ಯಪುಸ್ತಕದ ವಿಜಯನಗರ ಬಹುಪಾಲು ಆ ಇಂಗ್ಲಿಷಿನಿಂದ ಬಂದದ್ದು. ಬಹಮನಿ ಕಾಲದ ಬೀದರವನ್ನು 1470ರ ಆಸುಪಾಸಿನಲ್ಲಿ ಕಂಡು ಬರೆದ ಅಫನಾಸಿ ನಿಕಿಟಿನ್ ರಷ್ಯಾದ ವ್ಯಾಪಾರಿ. ಅವನ ಪ್ರವಾಸಕಥನ ಹಳೆಯ ರಷ್ಯನ್ ಗದ್ಯದಲ್ಲಿದೆ. 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ದರ್ಬಾರು ಕಂಡ ಪಿಯೆತ್ರೊ ದೆಲ್ಲಾ ವಾಲೆ ತನ್ನ ಪತ್ರಗಳನ್ನು ಬರೆದದ್ದು ಇಟಾಲಿಯನ್ನಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕರಾವಳಿ, ಕೊಡಗು, ಧಾರವಾಡಗಳ ಬದುಕಿನ ಬಗ್ಗೆ ಊರಿಗೆ ಕಳಿಸಿದ ವರದಿಗಳು ಬಾಸೆಲ್ಲಿನ ದಾಖಲೆ ಭಂಡಾರದಲ್ಲಿ ಹಳೆಯ ಜರ್ಮನ್ ಕೈಬರಹದಲ್ಲಿವೆ. ಆದಿಲ್‌ಶಾಹಿಗಳ, ಟಿಪ್ಪುವಿನ ಆಡಳಿತದ ಕಾಗದಗಳಿಗೆ ಫಾರಸಿ ಬೇಕು. ಇವುಗಳಲ್ಲಿ ಯಾವುದನ್ನೂ ಎರಡು ವರ್ಷದ ಸಂಭಾಷಣಾ ಪಾಠದಿಂದ ಓದಲಾಗದು. ಹಳೆಯ ಗದ್ಯವನ್ನು ಓದಿಸುವ, ದಾಖಲೆಯನ್ನು ಅನುಮಾನಿಸಲು ಕಲಿಸುವ ಮೇಷ್ಟರು ಬೇಕು. ಅಂಥವರು ಸಿಗುವುದು ವಿಶ್ವವಿದ್ಯಾಲಯದ ಒಳ್ಳೆಯ ವಿಭಾಗದಲ್ಲಿ ಮಾತ್ರ.

ಸಾಹಿತ್ಯದಲ್ಲೂ ಇದೇ ಮಾತು. ಕನ್ನಡಕ್ಕೆ ಬಂದ ಯುರೋಪಿನ ಸಾಹಿತ್ಯದ ದೊಡ್ಡ ಪಾಲು ಇಂಗ್ಲಿಷಿನ ಬಾಗಿಲಿನಿಂದಲೇ ಬಂದಿದೆ. ಲಂಕೇಶರು ಬೋದಿಲೇರನನ್ನು ಕನ್ನಡಿಸಿದ ‘ಪಾಪದ ಹೂಗಳು’ ಒಂದು ಇಡೀ ತಲೆಮಾರಿನ ಕಾವ್ಯಪ್ರಜ್ಞೆಯನ್ನು ಕದಲಿಸಿತು. ಪ್ರತಿಭಾವಂತರ ಕೈಯಲ್ಲಿ ಇಂಗ್ಲಿಷಿನ ದಾರಿಯೂ ಫಲ ಕೊಟ್ಟಿದೆ ಎಂಬುದಕ್ಕೆ ಅದೇ ಪುರಾವೆ. ಆದರೆ ಆ ದಾರಿಯಲ್ಲಿ ಏನನ್ನು ಅನುವಾದಿಸಬೇಕು ಎಂಬ ತೀರ್ಮಾನ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಮೊದಲೇ ಆಗಿರುತ್ತದೆ. ಅವರು ಆರಿಸದ ಲೇಖಕರು ನಮಗೂ ಸಿಗುವುದಿಲ್ಲ. ಇದರ ಎದುರು ದಿಕ್ಕಿನಲ್ಲಿ ನಡೆದ ಕೆಲಸ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದರು. ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು. ನಮ್ಮ ಕಾಲದಲ್ಲಿ ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುವ ಕೆಲಸ ನಡೆದಿದೆ, ಬಿ.ಎ. ವಿವೇಕ ರೈ ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಕನ್ನಡವನ್ನು ಕಲಿಯಲು ಆ ಜರ್ಮನ್ನರು ಮಧ್ಯೆ ಮೂರನೆಯ ಭಾಷೆಯೊಂದನ್ನು ಇಟ್ಟುಕೊಳ್ಳಲಿಲ್ಲ. ಅವರ ಭಾಷೆಯ ಬಗ್ಗೆ ನಮಗೂ ಅದೇ ಶ್ರದ್ಧೆ ಬೇಕು. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ವಿದೇಶಿ ಭಾಷಾ ವಿಭಾಗಗಳಲ್ಲಿ ಅನುವಾದವೆಂದರೆ ಬಹುಮಟ್ಟಿಗೆ ಇಂಗ್ಲಿಷಿಗೆ ಅಥವಾ ಹಿಂದಿಗೆ. ಕನ್ನಡದ ವಿದ್ಯಾರ್ಥಿ ತನ್ನ ಭಾಷೆಗೂ ಅನುವಾದ ಮಾಡಿ ಒಪ್ಪಿಸಲು ಅಲ್ಲಿ ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು. ಜೆಎನ್‌ಯುನಲ್ಲಿ ಕನ್ನಡ ಭಾಷಾ ಪೀಠ ಆರಂಭವಾಗಿ, ಪುರುಷೋತ್ತಮ ಬಿಳಿಮಲೆಯವರು ಅದರ ಮೊದಲ ಪ್ರಾಧ್ಯಾಪಕರಾದದ್ದು ಈ ಕಾರಣಕ್ಕೇ ಮಹತ್ವದ್ದು. ಫ್ರೆಂಚ್ ಅಥವಾ ಜರ್ಮನ್ ಕಲಿಯುವ ಕನ್ನಡಿಗರಿಗೆ ಅದೇ ಆವರಣದಲ್ಲಿ ಕನ್ನಡದ ನಂಟು ಸಿಗುವಂತಾಯಿತು.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು: ಭಾಷೆ ಕಲಿಯಲು ವಿಶ್ವವಿದ್ಯಾಲಯವೇ ಏಕೆ? ಬೆಂಗಳೂರಿನ ಗಯಟೆ ಇನ್‌ಸ್ಟಿಟ್ಯೂಟಿನಲ್ಲೋ ಅಲಿಯಾನ್ಸಿನಲ್ಲೋ ಕಲಿತು ಪ್ರಮಾಣಪತ್ರ ಪಡೆಯಬಹುದಲ್ಲ? ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲುಗಳು ಈಗ ಎಲ್ಲ ಕಡೆ ಮಾನ್ಯ. ಕಂಪನಿಗಳು ಕೇಳುವುದೂ ಅದನ್ನೇ. ಈ ವಾದದಲ್ಲಿ ಹುರುಳಿದೆ. ಕೌಶಲದ ಮಟ್ಟಿಗೆ ಈ ಸಂಸ್ಥೆಗಳ ಪಾಠ ಅನೇಕ ಕಾಲೇಜುಗಳಿಗಿಂತ ಮೇಲು. ಎಂಜಿನಿಯರಿಂಗ್ ಓದುತ್ತ ಜರ್ಮನಿಗೆ ಹೋಗಲು ಬಯಸುವವರಿಗೆ ಅದೇ ಸರಿಯಾದ ದಾರಿ. ಆದರೆ ಪ್ರಮಾಣಪತ್ರ ಅಳೆಯುವುದು ಭಾಷೆಯನ್ನು ಎಷ್ಟು ಚೆನ್ನಾಗಿ ಬಳಸಬಲ್ಲಿರಿ ಎಂಬುದನ್ನು. ಬಳಸಿ ಏನನ್ನು ಹೇಳಬಲ್ಲಿರಿ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಒಂದು ಭಾಷೆಯ ಜನ ಯಾವ ಯುದ್ಧಗಳಿಂದ, ಯಾವ ವಾಗ್ವಾದಗಳಿಂದ ಹಾದುಬಂದರು, ಅವರ ಕಾದಂಬರಿಕಾರರು ಯಾವುದರ ವಿರುದ್ಧ ಬರೆದರು ಎಂಬುದನ್ನು ಮೂರು ವರ್ಷ ಕೂತು ಓದುವ ವ್ಯವಸ್ಥೆ ಪದವಿಯಲ್ಲಿ ಮಾತ್ರ ಇದೆ. ಇದೇ ಕಾರಣಕ್ಕೆ, ಮೂರನೆಯ ವರ್ಷದಲ್ಲಿ ವ್ಯಾಕರಣವನ್ನಷ್ಟೇ ಬೋಧಿಸುವ ವಿಭಾಗವನ್ನು ಆರಿಸುವುದಕ್ಕಿಂತ ಬೇರೆ ಪದವಿ ಮಾಡುತ್ತ ಸಂಜೆ ಭಾಷೆ ಕಲಿಯುವುದೇ ಲೇಸು ಎಂಬುದನ್ನೂ ನಾನು ಒಪ್ಪುತ್ತೇನೆ.

ಎರಡನೆಯ ಆಕ್ಷೇಪ ಉದ್ಯೋಗದ್ದು. ಸಾಹಿತ್ಯ, ಚರಿತ್ರೆ ಓದಿ ಹೊಟ್ಟೆ ತುಂಬುತ್ತದೆಯೇ? ಬೆಂಗಳೂರಿನಲ್ಲಿ ಭಾಷೆಯ ಉದ್ಯೋಗ ನಿಜಕ್ಕೂ ಇದೆ. 1951ರಲ್ಲಿ ಮೈಕೋ ಎಂದು ಆರಂಭವಾದ ಬಾಷ್‌ನಿಂದ ಹಿಡಿದು ಜರ್ಮನ್ ಸಾಫ್ಟ್‌ವೇರ್ ಕಂಪನಿಗಳವರೆಗೆ, ಬಿಡದಿಯ ಟೊಯೊಟಾ ಕಾರ್ಖಾನೆಯವರೆಗೆ ಭಾಷೆ ಬಲ್ಲವರಿಗೆ ಬೇಡಿಕೆಯಿದೆ. ಆದರೆ ಆ ಬೇಡಿಕೆ ಎರಡು ತೆರನದ್ದು. ಬಿಲ್ಲು, ಇ-ಮೇಲು, ಗ್ರಾಹಕರ ಕರೆಗಳನ್ನು ನಿಭಾಯಿಸುವ ಕೆಲಸ ಒಂದು. ಸಭೆಯಲ್ಲಿ ದುಭಾಷಿಯಾಗಿ ಕೂರುವುದು, ಒಪ್ಪಂದ ಓದುವುದು, ಎರಡು ಕಡೆಯವರ ನಡುವಿನ ತಪ್ಪು ತಿಳಿವಳಿಕೆಯನ್ನು ಮೊದಲೇ ಗುರುತಿಸುವುದು ಇನ್ನೊಂದು. ಮೊದಲನೆಯದಕ್ಕೆ ಸೇರುವುದು ಸುಲಭ, ಬೆಳೆಯುವುದು ಕಷ್ಟ. ಎರಡನೆಯದಕ್ಕೆ ಆ ಸಮಾಜದ ಒಳಹೊರಗು ಗೊತ್ತಿರಬೇಕು. ಅದನ್ನು ಕೊಡುವುದು ಅದೇ ಸಾಹಿತ್ಯ, ಅದೇ ಚರಿತ್ರೆ. ಬಡ ಮನೆಯ ಮಕ್ಕಳಿಗೆ ಇದು ಐಷಾರಾಮ ಎನ್ನುವುದೂ ಸರಿಯಲ್ಲ. ಹಿಂದೆ ನೆರವಾಗಲು ಇನ್ನೊಂದು ಆಸ್ತಿಯಿಲ್ಲದವರಿಗೇ ಗಟ್ಟಿ ಪದವಿ ಹೆಚ್ಚು ಅಗತ್ಯ. ಜೊತೆಗೆ ಪದವಿ ಓದುತ್ತಲೇ ಬಿ2 ಅಥವಾ ಜಪಾನಿಯ ಎನ್2 ಪರೀಕ್ಷೆ ಕಟ್ಟುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಟ್ಟಲೇಬೇಕು ಎಂಬುದು ನನ್ನ ಸಲಹೆ.

ಮೂರನೆಯದು ಇಂದಿನ ದೊಡ್ಡ ಆಕ್ಷೇಪ: ಯಂತ್ರವೇ ಅನುವಾದಿಸುವಾಗ ಭಾಷೆಯ ಪದವಿ ಏಕೆ? ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ವಾಕ್ಯಗಳಿಗೂ ಇಂದಿನ ವಾಕ್ಯಗಳಿಗೂ ಹೋಲಿಕೆಯೇ ಇಲ್ಲ, ಅಷ್ಟು ಸುಧಾರಿಸಿವೆ. ಇದೇ ಹೊತ್ತಿನಲ್ಲಿ ಪಶ್ಚಿಮದಲ್ಲಿ ಭಾಷಾ ವಿಭಾಗಗಳೂ ಮುಚ್ಚುತ್ತಿವೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ತನ್ನ ವಿದೇಶಿ ಭಾಷೆಗಳ ಪದವಿಗಳನ್ನು ಕೈಬಿಡಲು ನಿರ್ಧರಿಸಿತು. ಯಂತ್ರದ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಮೊದಲು ಕಿತ್ತುಕೊಳ್ಳುವುದು ಯಾವ ಕೆಲಸವನ್ನು? ಬಿಲ್ಲು, ಇ-ಮೇಲುಗಳ ಕೆಲಸವನ್ನೇ, ಅಂದರೆ ಎರಡು ವರ್ಷದ ಕಲಿಕೆಯಿಂದ ಸಿಗುತ್ತಿದ್ದ ಕೆಲಸವನ್ನು. ಯಂತ್ರ ಕೊಟ್ಟ ಅನುವಾದ ಸರಿಯೋ ತಪ್ಪೋ ಎಂದು ತೂಗಿ ಅದಕ್ಕೆ ಸಹಿ ಹಾಕುವವರು ಬೇಕೇ ಬೇಕು. ಆಸ್ಪತ್ರೆಯ ವರದಿಯಾಗಲಿ, ನ್ಯಾಯಾಲಯದ ಹೇಳಿಕೆಯಾಗಲಿ, ಕವಿತೆಯಾಗಲಿ ಹೊಣೆ ಹೊರುವುದು ಮನುಷ್ಯರೇ. ಆ ಹೊಣೆಗೆ ಬೇಕಾದ ತಿಳಿವಳಿಕೆ ಮೂರನೆಯ ವರ್ಷದಲ್ಲಿ ಆರಂಭವಾಗುತ್ತದೆ. ಯಂತ್ರ ಬಂದದ್ದರಿಂದ ಭಾಷೆಯ ಪದವಿ ವ್ಯರ್ಥವಾಗಲಿಲ್ಲ, ತೆಳುವಾದ ಪದವಿ ವ್ಯರ್ಥವಾಯಿತು.

ಕೊನೆಯ ಆಕ್ಷೇಪ ಹೆತ್ತವರದು: ಖರ್ಚು ಮತ್ತು ದೂರ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ ದೂರ. ಖರ್ಚಿಗೆ ಉತ್ತರ ಸುಲಭ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಭಾಷೆಯ ಪದವಿಯ ಶುಲ್ಕ ಇಂದಿಗೂ ಖಾಸಗಿ ಕಾಲೇಜಿನದಕ್ಕಿಂತ ಎಷ್ಟೋ ಕಡಿಮೆ. 2019ರಲ್ಲಿ ಜೆಎನ್‌ಯು ಹಾಸ್ಟೆಲ್ ದರ ಏರಿಕೆಯ ವಿರುದ್ಧ ಹೋರಾಟ ನಡೆದಾಗ, ಅಲ್ಲಿವರೆಗೆ ಕೋಣೆಯ ಬಾಡಿಗೆ ತಿಂಗಳಿಗೆ 10, 20 ರೂಪಾಯಿಯಷ್ಟೇ ಇತ್ತೆಂದು ದೇಶಕ್ಕೆಲ್ಲ ತಿಳಿಯಿತು. ಹಿಂದುಳಿದ ಜಿಲ್ಲೆಗಳಿಂದ ಬರುವವರಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿಯನ್ನೂ ಆ ವಿಶ್ವವಿದ್ಯಾಲಯ ಬೆಳೆಸಿತ್ತು. ನಮ್ಮ ತಲೆಮಾರಿನ ಎಷ್ಟೋ ಮಕ್ಕಳು ಓದಿದ್ದು ಇಂಥ ನೆರವಿನಿಂದ. ಅದನ್ನು ಉಳಿಸಿಕೊಳ್ಳುವುದು ಸಮಾಜದ ಕರ್ತವ್ಯ. ದೂರದ ಮಾತಿಗೆ ನಕ್ಷೆಯೇ ಉತ್ತರ ಹೇಳುತ್ತದೆ. ಬೀದರ, ಕಲಬುರಗಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಬೆಳಗಾವಿಯವರಿಗೆ ಪುಣೆ, ಗೋವಾ ಎರಡೂ ಬೆಂಗಳೂರಿಗಿಂತ ಹತ್ತಿರ. ಕಾರವಾರದಿಂದ ಗೋವಾ ಕೂಗಳತೆಯಲ್ಲೇ ಇದೆ. ದೆಹಲಿಯ ಹೆಸರಿನ ಹಿಂದೆ ಓಡದೆ ವಿಭಾಗವನ್ನು ನೋಡಿ ಆರಿಸಿದರೆ ಎಷ್ಟೋ ಮನೆಗಳಿಗೆ ದೂರದ ಪ್ರಶ್ನೆಯೇ ಅರ್ಧ ಬಗೆಹರಿಯುತ್ತದೆ. ಇನ್ನುಳಿದ ಅರ್ಧಕ್ಕೆ ಹಾಸ್ಟೆಲ್ ಇದೆಯೇ, ಹಿಂದಿನ ವರ್ಷಗಳ ಕನ್ನಡದ ವಿದ್ಯಾರ್ಥಿನಿಯರು ಯಾರಾದರೂ ಅಲ್ಲಿದ್ದಾರೆಯೇ ಎಂದು ವಿಚಾರಿಸಿ ತಿಳಿಯಬಹುದು. ನಮ್ಮ ಕಾಲದಲ್ಲಿ ಇದೇ ದೂರದ ಕಾರಣಕ್ಕೆ ಎಷ್ಟು ಜಾಣ ಹೆಣ್ಣುಮಕ್ಕಳ ಅರ್ಜಿ ಮನೆಯಲ್ಲೇ ಉಳಿಯಿತೋ ಲೆಕ್ಕವಿಟ್ಟವರಿಲ್ಲ. ಆ ನಷ್ಟ ಮತ್ತೆ ಆಗಬಾರದು.

ನಮ್ಮ ರಾಜ್ಯದ ಹೊಣೆಯನ್ನೂ ಮರೆಯುವಂತಿಲ್ಲ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ಭಾಷೆ ಬಹುಮಟ್ಟಿಗೆ ಸರ್ಟಿಫಿಕೇಟು, ಡಿಪ್ಲೊಮಾಗಳಲ್ಲೇ ಮುಗಿಯುತ್ತದೆ. ಜರ್ಮನಿ, ಜಪಾನ್, ಫ್ರಾನ್ಸ್ ಕಂಪನಿಗಳಿಗೆ ನೆಲೆಯಾದ ನಾಡಿನಲ್ಲಿ, ಪೋರ್ಚುಗೀಸ್ ಮತ್ತು ಫಾರಸಿ ದಾಖಲೆಗಳಲ್ಲಿ ತನ್ನ ಚರಿತ್ರೆಯಿರುವ ನಾಡಿನಲ್ಲಿ, ಅಕ್ಷರಮಾಲೆಯಿಂದ ಸಂಶೋಧನೆಯವರೆಗೆ ಕರೆದೊಯ್ಯುವ, ಕನ್ನಡಕ್ಕೆ ಅನುವಾದಿಸುವುದನ್ನು ಕಡ್ಡಾಯ ಪಾಠವಾಗಿಸಿದ ಪೂರ್ಣ ವಿಭಾಗಗಳು ಇರಬೇಕಾದ್ದು ನ್ಯಾಯ. ಅದಕ್ಕಾಗಿ ಒತ್ತಾಯಿಸುವುದು ಕನ್ನಡದ ಕೆಲಸವೇ. ಅದು ಆಗುವವರೆಗೆ ಈ ಬೇಸಿಗೆಯ ಅರ್ಜಿಗಳ ಮುಂದೆ ಕೂತ ಮಕ್ಕಳಿಗೂ ಹೆತ್ತವರಿಗೂ ನನ್ನ ವಿನಂತಿ ಇಷ್ಟು. ರ್‍ಯಾಂಕಿಂಗ್ ಪಟ್ಟಿಯನ್ನು ಪಕ್ಕಕ್ಕಿಡಿ. ವಿಭಾಗದ ಪಠ್ಯಕ್ರಮ ತೆಗೆಸಿ ಓದಿ. ವಾರಕ್ಕೆ ಎಷ್ಟು ಗಂಟೆ, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಗ್ರಂಥಾಲಯದಲ್ಲಿ ಆ ಭಾಷೆಯ ಪುಸ್ತಕಗಳಿವೆಯೇ, ಆ ದೇಶದಲ್ಲಿ ಕೆಲಕಾಲ ಓದಲು ಜರ್ಮನಿಯ ಡಿಎಎಡಿ ಅಥವಾ ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಗಳಿಸಿದ ಹಳೆಯ ವಿದ್ಯಾರ್ಥಿಗಳಿದ್ದಾರೆಯೇ ಎಂದು ಕೇಳಿ. ಎಲ್ಲಕ್ಕಿಂತ ಮೊದಲು, ಮೂರನೆಯ ವರ್ಷದಲ್ಲಿ ಏನು ಓದಿಸುತ್ತೀರಿ ಎಂದು ಕೇಳಿ. ಪುಸ್ತಕಗಳ ಹೆಸರು ಹೇಳಿ ಉತ್ತರಿಸುವ ವಿಭಾಗ ಸಿಕ್ಕರೆ, ಅದು ಯಾವ ಊರಿನಲ್ಲಿದ್ದರೂ ಮಕ್ಕಳನ್ನು ಅಲ್ಲಿಗೇ ಕಳಿಸಿ.